ಪದಚರ್ಚೆ: ‘ದೃಶ್ಯಸಾಕ್ಷರತೆ’ಯೋ, ‘ಚಿತ್ರದ ಓದುಬರಹ’ವೋ?

ಮಾನ್ಯರೇ,

ಶಿವಮೊಗ್ಗ ಸೀಮೆಯ ಕಾಲೇಜುಗಳಿಂದ ಸ್ನಾತಕೋತ್ತರ ವ್ಯಾಸಂಗಕ್ಕೆ ಬರುವ ಇತಿಹಾಸ ಮತ್ತು ಕನ್ನಡದ ವಿದ್ಯಾರ್ಥಿಗಳಿಗಾಗಿ, ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಬಳಸುವ ಬಗೆ ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಿತ್ರ, ಛಾಯಾಚಿತ್ರ, ಭೂಪಟ, ಶಾಸನದ ಪಡಿಯಚ್ಚು ಮೊದಲಾದವನ್ನು ಹುಡುಕಿ, ಅರ್ಥಮಾಡಿಕೊಂಡು, ತಮ್ಮ ಪ್ರಬಂಧದಲ್ಲಿ ಬಳಸುವುದನ್ನು ಕುರಿತು ಅದರಲ್ಲಿ ಒಂದು ಅಧ್ಯಾಯವಿದೆ. ಇಂಗ್ಲಿಷಿನವರು ‘ವಿಷುವಲ್ ಲಿಟರಸಿ’ ಎನ್ನುವುದು ಇದನ್ನೇ. ಅಮೆರಿಕದ ಜಾನ್ ಡೆಬ್ಸ್ 1969ರಲ್ಲಿ ಈ ಮಾತಿಗೆ ಒಂದು ವ್ಯಾಖ್ಯೆ ಕೊಟ್ಟರು. ಅಲ್ಲಿನ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವು 2011ರಲ್ಲಿ ಇದಕ್ಕೆಂದೇ ಏಳು ಮಾನದಂಡಗಳನ್ನು ಗೊತ್ತುಪಡಿಸಿತು. ಎಂಥ ಚಿತ್ರ ಬೇಕೆಂದು ನಿರ್ಧರಿಸುವುದು, ಅದನ್ನು ಹುಡುಕಿ ಪಡೆಯುವುದು, ಅರ್ಥೈಸುವುದು, ನಂಬಬಹುದೇ ಎಂದು ಪರಿಶೀಲಿಸುವುದು, ಬಳಸುವುದು, ತಾನೇ ರಚಿಸುವುದು, ಹಕ್ಕು ಮತ್ತು ನೀತಿಯ ಪ್ರಶ್ನೆಗಳನ್ನು ಅರಿತಿರುವುದು ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಪದಕ್ಕೂ ಇಷ್ಟನ್ನು ಒಳಗೊಳ್ಳುವ ಶಕ್ತಿ ಇರಬೇಕಾಗುತ್ತದೆ.

‘ದೃಶ್ಯಸಾಕ್ಷರತೆ’ ಎಂಬ ಪದ ಈಗಾಗಲೇ ಅಲ್ಲಲ್ಲಿ ಬಳಕೆಯಲ್ಲಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ಅಡ್ಡಿಗಳು ಕಾಣುತ್ತವೆ. ಕನ್ನಡದಲ್ಲಿ ‘ದೃಶ್ಯ’ ಎಂದರೆ ನಾಟಕದ ಒಂದು ಭಾಗ ಅಥವಾ ಕಣ್ಣೆದುರಿನ ನೋಟ; ‘ದೃಶ್ಯಮಾಧ್ಯಮ’ ಎಂದರೆ ಟೀವಿ. ಹೀಗಿರುವಾಗ ‘ದೃಶ್ಯಸಾಕ್ಷರತೆ’ ಎಂದು ಕೇಳಿದವರು ಟೀವಿಯ ಮೂಲಕ ಅಕ್ಷರ ಕಲಿಸುವ ಯೋಜನೆ ಎಂದುಕೊಂಡರೆ ತಪ್ಪೇನೂ ಇಲ್ಲ. ಎರಡನೆಯದು ಇನ್ನೂ ದೊಡ್ಡ ತೊಡಕು. ‘ಸಾಕ್ಷರತೆ’ಯ ಹೊಟ್ಟೆಯೊಳಗೇ ಅಕ್ಷರವಿದೆ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಹಸೆ ಚಿತ್ತಾರ ಬರೆಯುವ ಹಿರಿಯ ಹೆಂಗಸರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಅನೇಕರಿದ್ದಾರೆ. ಯಾವ ಗೆರೆ ಏನನ್ನು ಸೂಚಿಸುತ್ತದೆ, ಯಾವ ಚಿತ್ತಾರ ಮದುವೆಗೆ ಸಲ್ಲುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಜನಗಣತಿಯ ಲೆಕ್ಕದಲ್ಲಿ ನಿರಕ್ಷರಿಯಾದ ಅಂಥವರನ್ನು ‘ದೃಶ್ಯಸಾಕ್ಷರೆ’ ಎಂದು ಕರೆದರೆ ಪದ ತನ್ನನ್ನೇ ಅಲ್ಲಗಳೆದಂತಾಗುತ್ತದೆ.

ಅದೇ ಹೆಂಗಸರ ಮಾತಿನಲ್ಲಿ ಈ ತೊಡಕಿಗೆ ದಾರಿಯೂ ಇದೆ ಎಂದು ನನಗನ್ನಿಸಿದೆ. ಅವರು ಹಸೆಯನ್ನು ‘ಬರೆಯುತ್ತಾರೆ’. ಕನ್ನಡದಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ ಸಲ್ಲುತ್ತದೆ: ಕಾಗದ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. (ಶಾಲೆಗಳಲ್ಲಿ ಈಗ ‘ಬಿಡಿಸು’ ಹೆಚ್ಚು ಕೇಳಿಬರುತ್ತದೆ. ಒಗಟನ್ನೂ ಲೆಕ್ಕವನ್ನೂ ಬಿಡಿಸುವ ನಾವು ಚಿತ್ರವನ್ನೂ ಬಿಡಿಸುತ್ತೇವೆ ಎಂಬುದು ಪ್ರತ್ಯೇಕ ಚರ್ಚೆಗೆ ಯೋಗ್ಯವಾದ ವಿಷಯ.) ಬರೆದದ್ದನ್ನು ಓದಬಹುದು. ಹಾಗಾದರೆ ‘ಓದುಬರಹ ಬಲ್ಲವರು’ ಎಂಬ ಆಡುಮಾತಿನ ಜೋಡುಪದವನ್ನೇ ಹಿಡಿದು ‘ಚಿತ್ರದ ಓದುಬರಹ’ ಎನ್ನಬಹುದಲ್ಲವೇ? ಅರ್ಥೈಸುವ ಕೆಲಸ ಓದಿನಲ್ಲಿಯೂ ರಚಿಸುವ ಕೆಲಸ ಬರಹದಲ್ಲಿಯೂ ಸಹಜವಾಗಿ ಕೂರುತ್ತವೆ. ‘ಚಿತ್ರವಾಚನ’ ಎಂಬ ಪದದಲ್ಲಿ ಮೊದಲರ್ಧ ಮಾತ್ರ ಉಳಿಯುತ್ತದೆ.

ಚಿತ್ರದ ಓದು ಅಕ್ಷರದ ಓದಿಗಿಂತ ಭಿನ್ನವಾದ ಶಿಸ್ತು ಎನ್ನುವುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಮಲೆನಾಡಿನಲ್ಲಿ ವೀರಗಲ್ಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ, ನಡುವಿನದರಲ್ಲಿ ಅಪ್ಸರೆಯರು ಮಡಿದ ವೀರನನ್ನು ಒಯ್ಯುತ್ತಿರುತ್ತಾರೆ, ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಪುಟ ಓದಿದಂತೆ ಮೇಲಿನಿಂದ ಕೆಳಕ್ಕೆ ಇಳಿದರೆ ಕಥೆ ತಿರುವುಮುರುವಾಗುತ್ತದೆ, ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗಂಡನೊಡನೆ ಸತಿಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳೊಂದೇ ಇಡೀ ವೃತ್ತಾಂತವನ್ನು ಹೇಳುತ್ತದೆ. ಬಳೆ ಒಡೆಯದೆ ಉಳಿದಿರುವುದರ ಅರ್ಥ, ಅಂದರೆ ಅವಳು ಮುತ್ತೈದೆಯಾಗಿಯೇ ಸತ್ತಳೆಂಬುದು, ತಿಳಿಯದವರಿಗೆ ಅದು ಬರೀ ಕೈಯಾಗಿ ಕಾಣುತ್ತದೆ.

ಗ್ರಂಥಾಲಯದಲ್ಲಿ ಇವನ್ನು ಹುಡುಕುವಾಗ ಪದದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ 7 ಮತ್ತು 8ನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯವು. ಅವುಗಳಲ್ಲಿ ವೀರಗಲ್ಲಿನ ಶಾಸನದ ಪಾಠ ದೊರೆಯುತ್ತದೆ, ಆದರೆ ಆ ಕಲ್ಲಿನ ಶಿಲ್ಪವನ್ನು ನೋಡಲು ಹೆಚ್ಚಿನ ಸಂದರ್ಭಗಳಲ್ಲಿ ಬೇರೆ ಕಪಾಟಿಗೆ ಹೋಗಬೇಕು. ಪುಸ್ತಕಗಳನ್ನು ವಿಷಯಕ್ಕೊಂದು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣವಿರುವ ಕಡೆ ಶಿಲ್ಪಕಲೆ 730ರಲ್ಲಿದೆ, ಭಾರತದ ಇತಿಹಾಸ 954ರಲ್ಲಿದೆ. ಹಸೆ ಚಿತ್ತಾರವಂತೂ ಜಾನಪದವೆಂದು 398ರಲ್ಲಿಯೂ, ಅಲಂಕಾರ ಕಲೆಯೆಂದು 745ರಲ್ಲಿಯೂ, ಸಮುದಾಯದ ಅಧ್ಯಯನವೆಂದು 305ರಲ್ಲಿಯೂ ಸಿಕ್ಕಬಹುದು. ಗ್ರಂಥಸೂಚಿ ಪುಸ್ತಕದ ಹೆಸರನ್ನು ಹೇಳುತ್ತದೆಯೇ ಹೊರತು ಒಳಗಿನ ಚಿತ್ರಗಳನ್ನು ಹೇಳುವುದಿಲ್ಲ. ಆದ್ದರಿಂದ ‘ವೀರಗಲ್ಲು’, ‘ಬೀರಗಲ್ಲು’, ‘ಹೀರೋ ಸ್ಟೋನ್’ ಎಂದು ಎಲ್ಲ ರೂಪಗಳಲ್ಲಿಯೂ, ಕನ್ನಡ ಮತ್ತು ರೋಮನ್ ಎರಡೂ ಲಿಪಿಗಳಲ್ಲಿಯೂ ಹುಡುಕಿ, ಪುಸ್ತಕ ಕೈಗೆ ಬಂದ ಮೇಲೆ ಮೊದಲು ಚಿತ್ರಪಟ್ಟಿಯನ್ನು ನೋಡುವಂತೆ ಕೈಪಿಡಿಯಲ್ಲಿ ಬರೆದಿದ್ದೇನೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯಜಾಲ ಕೇಂದ್ರ ನಡೆಸುವ ‘ಶೋಧಗಂಗಾ’ ಜಾಲತಾಣದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ, ಪುಟಗಳನ್ನು ಸ್ಕ್ಯಾನ್ ಮಾಡಿ ಬಿಂಬವಾಗಿಯೇ ಏರಿಸಿರುವಲ್ಲಿ ಒಳಗಿನ ಪದವನ್ನು ಯಂತ್ರ ಹುಡುಕಿಕೊಡದು, ಅಧ್ಯಾಯಗಳನ್ನು ತೆರೆದು ಕಣ್ಣಾಡಿಸಲೇಬೇಕು.

ನನ್ನ ಪದಕ್ಕೆ ಬರಬಹುದಾದ ಆಕ್ಷೇಪವೂ ನನಗೆ ಗೊತ್ತಿದೆ. ಪತ್ರಿಕೆಯ ಕನ್ನಡದಲ್ಲಿ ‘ಚಿತ್ರ’ ಎಂದರೆ ಸಿನಿಮಾ. ಗ್ರಾಮನಕಾಶೆಯನ್ನಾಗಲಿ ಮಳೆಯ ಅಂಕಿ ತೋರಿಸುವ ಆಲೇಖವನ್ನಾಗಲಿ ಯಾರೂ ಚಿತ್ರ ಎನ್ನುವುದಿಲ್ಲ. ‘ಚಿತ್ರ-ನಕ್ಷೆಗಳ ಓದುಬರಹ’ ಎಂದರೆ ವ್ಯಾಪ್ತಿ ಸರಿಹೋಗುತ್ತದೆ, ಆದರೆ ಪಾರಿಭಾಷಿಕ ಪದಕ್ಕೆ ಬೇಕಾದ ಬಿಗಿ ಸಡಿಲವಾಗುತ್ತದೆ. ಇಷ್ಟಾದರೂ ಅಪಾರ್ಥಕ್ಕೆ ಎಡೆಗೊಡುವ ಬಿಗಿಯಾದ ಪದಕ್ಕಿಂತ, ವಿದ್ಯಾರ್ಥಿಗೆ ಕೇಳಿದೊಡನೆ ತಿಳಿಯುವ ಸಡಿಲ ಪದವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ರಂಥಾಲಯದ ‘ರಿಸೋರ್ಸ್’ ಎಂಬುದಕ್ಕೆ ‘ಸಂಪನ್ಮೂಲ’ವನ್ನು ಬಿಟ್ಟು ‘ಆಕರಸಾಮಗ್ರಿ’ ಎಂದು ಬಳಸಿದ್ದೇನೆ. ಜಲಸಂಪನ್ಮೂಲ, ಹಣಕಾಸು ಸಂಪನ್ಮೂಲಗಳ ಸಾಲಿನಲ್ಲಿ ಪುಸ್ತಕವನ್ನು ನಿಲ್ಲಿಸಲು ಮನಸ್ಸಾಗಲಿಲ್ಲ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ‘ಚಿತ್ರದ ಓದುಬರಹ’ಕ್ಕೆ ಇನ್ನೂ ಅಡಕವಾದ ರೂಪ ಹೊಳೆದರೆ ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕು. ಸಾಗರ, ಸೊರಬ, ಹೊಸನಗರದ ಕಡೆಯವರು, ಹಸೆಯನ್ನು ನೋಡಿ ಅದರ ಒಂದೊಂದು ಭಾಗವನ್ನು ಇನ್ನೊಬ್ಬರಿಗೆ ವಿವರಿಸುವುದಕ್ಕೆ ಮನೆಯ ಹಿರಿಯರು ಯಾವ ಕ್ರಿಯಾಪದವನ್ನು ಬಳಸುತ್ತಾರೆ ಎಂಬುದನ್ನು, ಅದು ‘ಓದು’ ಆಗಿರಲಿ ಬೇರೆಯದಾಗಿರಲಿ, ಅವರು ಆಡುವ ಹಾಗೆಯೇ ಬರೆದು ಕಳಿಸಿದರೆ ಬಹಳ ಉಪಕಾರವಾಗುತ್ತದೆ.