‘ಕೀಲೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಮೈಯಲ್ಲಿ ಸೇರಿಕೊಂಡ ಸೀಸ, ಪಾದರಸದಂಥ ಭಾರಲೋಹಗಳನ್ನು ಮದ್ದು ಕೊಟ್ಟು ಮೂತ್ರದಲ್ಲಿ ಹೊರಹೋಗಿಸುವ ‘ಕೀಲೇಶನ್’ (chelation) ಚಿಕಿತ್ಸೆಯ ಬಗ್ಗೆ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ.

ಕೆಲವರು ‘ಚೆಲೇಶನ್’ ಎಂದು ಬರೆಯುತ್ತಾರೆ. ಸರಿಯಾದ ಉಚ್ಚಾರ ‘ಕೀಲೇಶನ್’. ಹಾಗೆ ಬರೆದರೆ ನಮ್ಮ ‘ಕೀಲು’ ನೆನಪಾಗಿ, ಮಂಡಿನೋವಿನ ಮದ್ದೆಂದುಕೊಂಡಾರು! ಮೂಲ ಗ್ರೀಕಿನದು: ಏಡಿಯ ಇಕ್ಕುಳದಂಥ ಮುಂಗಾಲು. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ರಸಾಯನವಿಜ್ಞಾನಿಗಳು ಇದರಿಂದ ‘ಕೀಲೇಟ್’ ಪದ ಕಟ್ಟಿದರು. ಒಂದೇ ಅಣು ಲೋಹವನ್ನು ಎರಡು ಕಡೆಯಿಂದಲೋ ಇನ್ನೂ ಹೆಚ್ಚು ಕಡೆಯಿಂದಲೋ ಹಿಡಿಯುವುದಕ್ಕೆ ಈ ಹೆಸರು. ಈ ಚಿಕಿತ್ಸೆಯಲ್ಲಿ ಬಳಸುವ ‘ಇಡಿಟಿಎ’ (EDTA) ಎಂಬ ಮದ್ದಿನ ಅಣುವಿಗಂತೂ ಆರು ಹಿಡಿ.

‘ನಿರ್ವಿಷೀಕರಣ’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಥಲಸ್ಸೀಮಿಯ ಎಂಬ ರಕ್ತದ ಕಾಯಿಲೆ ಇದ್ದವರಿಗೆ ಮತ್ತೆ ಮತ್ತೆ ರಕ್ತ ಕೊಟ್ಟು ಮೈಯಲ್ಲಿ ಕಬ್ಬಿಣ ತುಂಬಿಕೊಂಡಾಗಲೂ ಇದೇ ಚಿಕಿತ್ಸೆ. ವಿಲ್ಸನ್ ಕಾಯಿಲೆಯಲ್ಲಿ ಮೈಯಲ್ಲಿ ಸೇರಿಕೊಳ್ಳುವ ತಾಮ್ರಕ್ಕೂ ಇದೇ. ಕಬ್ಬಿಣ, ತಾಮ್ರ ಎರಡೂ ಮೈಗೆ ಬೇಕಾದವೇ, ಅತಿಯಾದದ್ದಷ್ಟೇ ತೊಂದರೆ. ಇನ್ನೊಂದು, ಈ ಇಕ್ಕುಳಕ್ಕೆ ಯಾವುದು ವಿಷ, ಯಾವುದಲ್ಲ ಎಂಬ ವಿವೇಕವಿಲ್ಲ. ಸೀಸ ತೆಗೆಯಲು ಕೊಡುವುದು ಕ್ಯಾಲ್ಸಿಯಂ ಕೂಡಿಸಿದ ಇಡಿಟಿಎ. ಅದರ ಬದಲು ಬರೀ ಸೋಡಿಯಂ ಇರುವುದನ್ನು ಕೊಟ್ಟರೆ ರಕ್ತದ ಕ್ಯಾಲ್ಸಿಯಮ್ಮನ್ನೇ ಹಿಡಿದುಬಿಡುತ್ತದೆ. ಹೀಗಾಗಿ ಹೃದಯ ನಿಂತು ಮಕ್ಕಳೂ ಸತ್ತಿದ್ದಾರೆ. ‘ನಿರ್ವಿಷ’ ಎಂಬ ತಂಪು ಪದದಡಿ ಇದೆಲ್ಲ ಮುಚ್ಚಿಹೋಗುತ್ತದೆ. ರಕ್ತಪರೀಕ್ಷೆಯನ್ನೂ ಮಾಡಿಸದೆ ‘ಮೈ ಶುದ್ಧಿ’ ಮಾರುವವರಿಗೆ ಬೇಕಾದದ್ದೂ ಅದೇ ಪದ.

ಹಾಗಾಗಿ ಹೊಸ ಪದದಲ್ಲಿ ‘ಹಿಡಿಯುವುದು’ ಇರಬೇಕು, ‘ತೊಳೆಯುವುದು’ ಇರಬಾರದು. ‘ಏಡಿಹಿಡಿತ’ ಎಂದು ಹೊಳೆದು ಹಿಗ್ಗಿದೆ. ಆದರೆ ಕ್ಯಾನ್ಸರಿಗೆ ‘ಏಡಿಹುಣ್ಣು’ ಎನ್ನುವವರಿದ್ದಾರಲ್ಲ! ಆಸ್ಪತ್ರೆಯ ಮಾತಿನಲ್ಲಿ ಎರಡು ಏಡಿ ಬೇಡ. ‘ಇಕ್ಕುಳಬಂಧ’ ರಸಾಯನಶಾಸ್ತ್ರಕ್ಕೆ ಒಗ್ಗುತ್ತದೆ, ‘ಇಕ್ಕುಳ ಚಿಕಿತ್ಸೆ’ ಎಂದರೆ ಮಾತ್ರ ಹೆರಿಗೆಕೋಣೆ ಕಣ್ಣಮುಂದೆ ಬರುತ್ತದೆ. ಮದ್ದಿಗೆ ‘ಲೋಹಗ್ರಾಹಿ’, ಚಿಕಿತ್ಸೆಗೆ ‘ಲೋಹಗ್ರಾಹಿ ಚಿಕಿತ್ಸೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಕ್ರಿಯಾಪದ ಮಾತ್ರ ಇನ್ನೂ ಕೂತಿಲ್ಲ. ‘ಮದ್ದು ಸೀಸವನ್ನು ಕೀಲೇಟ್ ಮಾಡುತ್ತದೆ’ ಎನ್ನುವಲ್ಲಿ ‘ಅವುಚಿ ಹಿಡಿಯುತ್ತದೆ’ ಎಂದರೆ ಸಾಕೇ, ಅಥವಾ ಮಗುವನ್ನು ಅವುಚಿಕೊಂಡಂತೆ ತೀರಾ ಅಕ್ಕರೆಯಾಯಿತೇ?