'ಭೂಗತ ನಗರ'ಕ್ಕೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಶಾಲೆಯ ಮಕ್ಕಳಿಗಾಗಿ ಟರ್ಕಿಯ ಡೆರಿಂಕುಯು ಬಗ್ಗೆ ಬರೆಯುತ್ತಿದ್ದೇನೆ. ಕಪಡೋಕಿಯಾ ಸೀಮೆಯಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲಿದೆ. ಅದನ್ನು ಸುಮಾರು 85 ಮೀಟರ್ ಆಳದವರೆಗೆ ಕೊರೆದು ಮಾಡಿದ ಊರಿದು. ಕೊಟ್ಟಿಗೆ, ಅಡುಗೆಮನೆ, ಉಗ್ರಾಣ, ಚರ್ಚು ಎಲ್ಲವೂ ಒಳಗೇ ಇವೆ. 1963ರಲ್ಲಿ ಒಬ್ಬರು ಮನೆಯ ಗೋಡೆ ಒಡೆದಾಗ ಇದು ಮತ್ತೆ ಬೆಳಕಿಗೆ ಬಂತು.

ಮೊದಲು 'ಭೂಗತ ನಗರ' ಅಂತಲೇ ಬರೆದೆ. ಆದರೆ ಪತ್ರಿಕೆ ಓದುವವರಿಗೆ ಭೂಗತ ಅಂದ ಕೂಡಲೇ ಭೂಗತ ದೊರೆ, ಭೂಗತ ಲೋಕ ನೆನಪಾಗುತ್ತದೆ, ಅಲ್ವಾ? ಅದನ್ನು ಬಿಟ್ಟರೂ, 'ಗತ' ಅಂದರೆ ಹೋದದ್ದು. ಮಣ್ಣಿನಡಿ ಸೇರಿಹೋದ ಊರು ಎಂಬ ಅರ್ಥ ಬರುತ್ತದೆ. ಅದು ಇಟಲಿಯ ಹಳೆಯ ಊರು ಪೊಂಪೆಗೆ ಸರಿ. ಪೊಂಪೆಯನ್ನು ಜ್ವಾಲಾಮುಖಿಯ ಬೂದಿ ಮುಚ್ಚಿತು. ಇಲ್ಲಿ ಜನ ಬೂದಿಗಲ್ಲನ್ನೇ ಕೊರೆದು, ದಾಳಿಗಳಿಂದ ಉಳಿಯಲು ತಾವಾಗಿ ಒಳಗಿಳಿದರು. ಈ ವ್ಯತ್ಯಾಸ ಹೆಸರಿನಲ್ಲೇ ಕಾಣಬೇಕು ಅನ್ನುವುದು ನನ್ನ ಆಸೆ.

ನೆಲಮಾಳಿಗೆ ಅಂದರೆ ಮೇಲೆ ಒಂದು ಮನೆ, ಕೆಳಗೆ ಒಂದು ಕೋಣೆ. ಸಾಲದು. ಗವಿ ಅಂದರೆ ತಾನಾಗಿ ಆದದ್ದೂ ಇರಬಹುದು. ಹಗೇವು, ಅಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡುವ ಗುಂಡಿ, ತುಂಬಾ ಹತ್ತಿರ ಬಂತು. ನಮ್ಮಜ್ಜಿ ಮನೆಯಲ್ಲಿ ಜೋಳದ ಹಗೇವು ಇತ್ತು. ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ, ಒಳಗೆ ಉಸಿರು ಕಟ್ಟುತ್ತದೆ ಅಂತ. ಡೆರಿಂಕುಯುವಿನಲ್ಲಿ ಮೇಲಿಂದ ಆಳದವರೆಗೆ ಗಾಳಿಗಾಗಿ ಕೊರೆದ ಕಿಂಡಿಗಳಿವೆ. ಹಗೇವು ಕಾಳಿಗೆ ಮಾಡಿದ್ದು, ಇದು ಉಸಿರಾಡುವ ಜನಕ್ಕೆ. ಹಾಗಾಗಿ ಅದನ್ನೂ ಕೈಬಿಟ್ಟೆ.

ತುರ್ಕರು ಇದನ್ನು 'ಯೆರಲ್ತಿ ಶೆಹ್ರಿ' ಅನ್ನುತ್ತಾರೆ. ಯೆರ್ ಅಂದರೆ ನೆಲ, ಅಲ್ತ್ ಅಂದರೆ ಅಡಿ. ಶೆಹ್ರಿಯಲ್ಲಿ ಇರುವುದು ನಮ್ಮ ಉತ್ತರ ಕರ್ನಾಟಕದ 'ಶಹರ'ವೇ. ಎರಡೂ ಪಾರಸಿಯಿಂದ ಬಂದವು. ಇದು ತಿಳಿದಾಗ ಬಹಳ ಖುಷಿಯಾಯಿತು. ಸದ್ಯಕ್ಕೆ 'ನೆಲದಡಿಯ ಊರು' ಅಂತ ಬರೆದುಕೊಂಡಿದ್ದೇನೆ.

ಇನ್ನೂ ಎರಡು ಕಡೆ ನಿಂತಿದ್ದೇನೆ. ನಾವು ಊರು 'ಕಟ್ಟುತ್ತೇವೆ', ಬಾವಿ 'ತೋಡುತ್ತೇವೆ'. ಕಲ್ಲು ತೆಗೆದು ತೆಗೆದು ಮಾಡಿದ ಊರಿಗೆ ಯಾವ ಕ್ರಿಯಾಪದ? 'ಊರು ಕೊರೆದರು' ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದಾ? ಇನ್ನು ಅಲ್ಲಿನ ಬಾಗಿಲು. ಬೀಸುವ ಕಲ್ಲಿನ ಹಾಗೆ ಗುಂಡಗಿನ ದೊಡ್ಡ ಕಲ್ಲು. ಒಳಗಿನಿಂದ ಉರುಳಿಸಿ ದಾರಿ ಮುಚ್ಚುತ್ತಿದ್ದರು. 'ಉರುಳುಬಾಗಿಲು' ಅನ್ನಲಾ? ಕಲ್ಲುಕೆಲಸ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.