ಗೋಡೆ ಏಳುವ ಮೊದಲು ಶಬ್ದ ಅಳೆಯಬೇಕು: ಶನಿವಾರ ಯಾರೆಲ್ಲ ಬರ್ತೀರಿ?

ಮನೆ 9: ಎಲ್ಲರಿಗೂ ನಮಸ್ಕಾರ. ಹೆದ್ದಾರಿ ಬದಿಯಲ್ಲಿ ಶಬ್ದ ತಡೆಗೋಡೆಯ ಕಂಬಗಳಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ಕೇಳಿ ಕೇಳಿ ಸಿಕ್ಕಿದ ಗೋಡೆ, ಬರಲಿ. ಆದರೆ ಅದು ಎಷ್ಟು ಶಬ್ದ ತಡೆಯಿತು ಅಂತ ನಾಳೆ ಹೇಳ್ಬೇಕಾದ್ರೆ, ಗೋಡೆ ಇಲ್ಲದಾಗ ಎಷ್ಟಿತ್ತು ಅಂತ ನಮ್ಮ ಕೈಯಲ್ಲಿ ಲೆಕ್ಕ ಇರಬೇಕು. ಕಂಬ ನಿಂತ ಮೇಲೆ ಆ ಲೆಕ್ಕ ಸಿಗ್ಲಿಕ್ಕಿಲ್ಲ.

ಮನೆ 14 (ಟೀಚರ್): ಹೇಳಿದ್ದು ಒಳ್ಳೆಯದಾಯ್ತು. ಆರು ಲೇನ್ ಆದ ಮೇಲೆ ನಮ್ಮ ಅಪ್ಪ ಜಗಲಿಯಲ್ಲಿ ಕೂತು ವಾರ್ತೆ ಕೇಳುವುದನ್ನೇ ಬಿಟ್ಟಿದ್ದಾರೆ. ಈಗ ರೇಡಿಯೋ ಒಳಗಿನ ಕೋಣೆಗೆ ಹೋಗಿದೆ, ಅಲ್ಲಿ ಕೂಡ ಕಿವಿಗೆ ಹಿಡಿದುಕೊಂಡೇ ಕೇಳುವುದು. ರಾತ್ರಿ ಲಾರಿ ಹೋಗುವಾಗ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ.

ಮನೆ 3: ಫೋನಲ್ಲಿ ಆ್ಯಪ್ ಉಂಟಲ್ಲ ಅಣ್ಣ? ಗೋಡೆ ಆದ ಮೇಲೆ ಒಂದು ಸಲ, ಈಗ ಒಂದು ಸಲ ನೋಡಿದ್ರೆ ಸಾಕಾಗುದಿಲ್ವಾ?

ಮನೆ 9: ಅಷ್ಟರಿಂದ ಆಗ್ಲಿಕ್ಕಿಲ್ಲ ತಮ್ಮ. ಸ್ವಲ್ಪ ಉದ್ದ ಬರೀತೇನೆ, ಎಲ್ಲರೂ ಓದಿ.

ಇದಕ್ಕೆ ಒಂದು ಅಂತಾರಾಷ್ಟ್ರೀಯ ವಿಧಾನ ಉಂಟು, ಐಎಸ್‌ಒ 10847, 1997ರದ್ದು. ಗೋಡೆಯಿಂದ ಇಳಿದ ಶಬ್ದಕ್ಕೆ ಅದರಲ್ಲಿ ಇನ್ಸರ್ಶನ್ ಲಾಸ್ ಅಂತ ಹೆಸರು. ಎರಡು ಮೈಕ್ ಬೇಕು. ಒಂದು ನಮ್ಮ ಅಂಗಳದಲ್ಲಿ. ಇನ್ನೊಂದು ಗೋಡೆ ಬರುವ ಜಾಗದಲ್ಲೇ, ಗೋಡೆಯ ತುದಿಗಿಂತ ಕನಿಷ್ಠ 1.5 ಮೀಟರ್ ಮೇಲೆ. ಮೇಲಿನ ಮೈಕಿಗೆ ಗೋಡೆ ಇದ್ದರೂ ಇಲ್ಲದಿದ್ದರೂ ರಸ್ತೆ ನೇರ ಕಾಣುತ್ತದೆ, ಹಾಗಾಗಿ ಆ ದಿನ ರಸ್ತೆಯೇ ಎಷ್ಟು ಸದ್ದು ಮಾಡಿತು ಅಂತ ಅದು ಹೇಳ್ತದೆ. ಈ ಮೇಲಿನ ಮೈಕ್ ಇಲ್ಲದಿದ್ದರೆ ಇಡೀ ಕೆಲಸ ವ್ಯರ್ಥ. ವಾಹನ ಅರ್ಧಕ್ಕೆ ಇಳಿದರೆ ಗೋಡೆ ಇಲ್ಲದೆಯೇ 3 ಡೆಸಿಬೆಲ್ ಇಳಿಯುತ್ತದೆ. ಲಾರಿ ಕಡಿಮೆ ಇದ್ದ ಹಬ್ಬದ ದಿನ ಬಂದು ಅಳೆದು, "ನೋಡಿ, ಗೋಡೆಯಿಂದ ಇಳಿಯಿತು" ಅಂದ್ರೆ ನಾವೇನು ಹೇಳುವುದು?

ಅರ್ಥ ಆಗ್ಲಿಕ್ಕೆ ಸುಮ್ಮನೆ ಒಂದು ಲೆಕ್ಕ ಹಿಡಿಯುವ. ಈಗ ಮೇಲಿನ ಮೈಕಿನಲ್ಲಿ 78 ಡೆಸಿಬೆಲ್, ಅಂಗಳದಲ್ಲಿ 70. ಗೋಡೆ ಆದ ನಂತರ ಮೇಲಿನ ಮೈಕಿನಲ್ಲಿ 76, ಅಂಗಳದಲ್ಲಿ 61. ಅಂಗಳದಲ್ಲಿ 9 ಇಳಿದ ಹಾಗೆ ಕಾಣ್ತದೆ. ಆದರೆ ರಸ್ತೆಯೇ 2 ಇಳಿದಿದೆ. ಗೋಡೆಯ ಪಾಲು 7 ಮಾತ್ರ.

ಮತ್ತೆ ಗಾಳಿ. ನಮ್ಮ ಮನೆಗಳು ರಸ್ತೆಯ ಮೂಡು ಬದಿಯಲ್ಲಿ. ಮಧ್ಯಾಹ್ನ ಕಡಲ ಗಾಳಿ ರಸ್ತೆಯಿಂದ ನಮ್ಮ ಕಡೆಗೇ ಬೀಸುವುದು, ಆಗ ಶಬ್ದ ಗೋಡೆಯ ಮೇಲಿಂದ ಬಾಗಿ ಕೆಳಗಿಳಿಯುತ್ತದೆ. ರಾತ್ರಿ ನೆಲದ ಗಾಳಿ ಉಲ್ಟಾ. ಅಂದ್ರೆ ಈಗ ಮಧ್ಯಾಹ್ನ ಅಳೆದು ಆಮೇಲೆ ರಾತ್ರಿ ಅಳೆದರೆ ಗೋಡೆಗೆ ಸಲ್ಲದ ಒಳ್ಳೆ ಹೆಸರು ಬರ್ತದೆ. ಎರಡೂ ಸಲ ಒಂದೇ ಹೊತ್ತು, ಒಂದೇ ದಿಕ್ಕಿನ ಗಾಳಿ, ಒಣಗಿದ ರಸ್ತೆ. ಒದ್ದೆ ರಸ್ತೆಯಲ್ಲಿ ಟಯರಿನ ಸದ್ದು ಹೆಚ್ಚು, ಹಾಗಾಗಿ ಮಳೆಗಾಲ ಹಿಡಿಯುವ ಮೊದಲೇ ಆಗ್ಬೇಕು. ರೈಲು ಹೋಗುವಾಗ ಶಬ್ದ ಅಳೆಯುವ ಮೀಟರ್ ನಿಲ್ಲಿಸ್ಬೇಕು.

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಅಂಥ ಎರಡು ಮೀಟರ್, ಅವು ಸರಿ ತೋರಿಸ್ತವಾ ಅಂತ ನೋಡ್ಲಿಕ್ಕೆ 94 ಡೆಸಿಬೆಲಿನ ಕ್ಯಾಲಿಬ್ರೇಟರ್ ಉಂಟು. ಕೇಳಿದ್ದೇನೆ, ಕೊಡ್ತಾರೆ.

ಮನೆ 17: ನಮ್ಮದು ಮಹಡಿ ಮನೆ. ಮೇಲಿನ ಕಿಟಕಿಯಿಂದ ಲಾರಿಯ ಟಾರ್ಪಾಲು ಕಾಣ್ತದೆ. ಗೋಡೆ ಬಂದ್ರೂ ಕಾಣಬಹುದು ಅಂತ ತೋರ್ತದೆ.

ಮನೆ 9: ಕಂಡರೆ ಆ ಕಿಟಕಿಗೆ ಉಪಕಾರ ಬಹಳ ಕಡಿಮೆ ಅಕ್ಕ. ರಸ್ತೆ ಕಣ್ಣಿಗೆ ಮರೆಯಾಗುವಷ್ಟು ಗೋಡೆ ಎದ್ದರೆ ಸುಮಾರು 5 ಡೆಸಿಬೆಲ್ ಇಳಿಯುವುದು, ಮತ್ತೆ ಗೋಡೆ ಅದಕ್ಕಿಂತ ಏರಿದ ಒಂದೊಂದು ಮೀಟರಿಗೆ ಹೆಚ್ಚುಕಡಿಮೆ ಒಂದೂವರೆ. ಕಿವಿಗೆ ಸದ್ದು ಅರ್ಧ ಆದ ಹಾಗೆ ಅನಿಸ್ಬೇಕಾದ್ರೆ 10 ಇಳೀಬೇಕು. ನಿಮ್ಮ ಮಹಡಿಯಲ್ಲಿ ಖಂಡಿತ ಅಳೆಯುವ.

ಮನೆ 21: ಒಂದು ವೇಳೆ ಶನಿವಾರಕ್ಕೆ ಮೊದಲೇ ಗೋಡೆ ಎಬ್ಬಿಸಿಬಿಟ್ರೆ?

ಮನೆ 9: ಆಗ ಗೋಡೆ ಇಲ್ಲದ, ನಮ್ಮ ಜಾಗದ ಹಾಗೆಯೇ ಇರುವ ಇನ್ನೊಂದು ಕಡೆ ಹುಡುಕ್ಬೇಕು. ಅದೇ ರಸ್ತೆ, ಅದೇ ವಾಹನ, ಅದೇ ನೆಲ, ರಸ್ತೆಯಿಂದ ಅಷ್ಟೇ ದೂರ. ಆ ವಿಧಾನವೂ ಉಂಟು. ಆದರೆ ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆ ಒಂದು ಕಡೆ ರಸ್ತೆ ಎತ್ತರ, ಇನ್ನೊಂದು ಕಡೆ ತಗ್ಗು. ಸರಿಹೊಂದುವ ಜಾಗ ಸಿಗುವುದು ಕಷ್ಟ, ಸಿಕ್ಕಿದರೂ ತಕರಾರಿಗೆ ದಾರಿ.

ಮನೆ 6: ಕಾನೂನಿನ ವಿಷಯ ನಾನು ಹೇಳ್ತೇನೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಮಿತಿ. ಅದಕ್ಕಿಂತ 10 ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಮನವಿ ಕನ್ನಡದಲ್ಲೂ ಮಲಯಾಳದಲ್ಲೂ ನಾನು ಬರೆದು ಕೊಡ್ತೇನೆ. ಆದರೆ ಅಂಕಿ ಬೇಕು, "ತುಂಬ ಸದ್ದು" ಅಂತ ಬರೆದು ಎರಡು ಸಲ ಕೊಟ್ಟಾಯ್ತು, ಉತ್ತರ ಬಂದಿಲ್ಲ.

ಮನೆ 5: ನಾವು ಮುಂದಿನ ವಾರ ಕೆಂಪುಕಲ್ಲಿನ ಕಂಪೌಂಡ್ ಕಟ್ಟಿಸ್ಲಿಕ್ಕಿದ್ದೆವು. ಅದರಿಂದ ತೊಂದರೆಯಾ?

ಮನೆ 9: ಆಗ್ತದೆ ಮಾರಾಯ್ರೆ. ನಿಮ್ಮ ಕಂಪೌಂಡೂ ಒಂದು ತಡೆಗೋಡೆಯೇ. ಎರಡನೇ ಸಲ ಅಳೆದು ಆಗುವವರೆಗೆ ನಿಲ್ಲಿಸಿದ್ರೆ ಎಲ್ಲರಿಗೂ ಉಪಕಾರ. ಎದುರಿನ ತೆಂಗು, ಬಾಳೆ ಕೂಡ ಈಗ ಇದ್ದ ಹಾಗೇ ಇರಲಿ.

ಮನೆ 5: ಸರಿ, ಮೇಸ್ತ್ರಿಗೆ ಹೇಳ್ತೇನೆ.

ಮನೆ 21: ಮೈಕ್ ಅಷ್ಟು ಮೇಲೆ ಏರಿಸುವುದು ಹೇಗೆ?

ಮನೆ 12: ನಮ್ಮಲ್ಲಿ ಅಡಿಕೆ ಕೊಯ್ಯುವ ಫೈಬರ್ ದೋಟಿ ಉಂಟು, ಬೇಕಾದಷ್ಟು ಎತ್ತರ ಎಳೀಬಹುದು. ಮೂರು ಕಡೆಯಿಂದ ಹಗ್ಗ ಕಟ್ಟಿದ್ರೆ ಅಲ್ಲಾಡುದಿಲ್ಲ.

ಮನೆ 9: ಅದೇ ಸರಿ. ಮೀಟರ್ ಕೆಳಗೆ, ಮೈಕ್ ಮಾತ್ರ ಕೇಬಲಿನಲ್ಲಿ ಮೇಲೆ. ದೋಟಿಯ ತುದಿಗೆ ಒಂದು ಬಟ್ಟೆ ಚೂರು ಕಟ್ಟುವ, ಗಾಳಿಯ ದಿಕ್ಕು ಕಾಣ್ತದೆ. ಶನಿವಾರ ಮಧ್ಯಾಹ್ನ 3ಕ್ಕೆ ಒಂದು ಸಲ, ರಾತ್ರಿ 10ರ ನಂತರ ಒಂದು ಸಲ. ಲಾರಿ, ಬಸ್, ಕಾರು ಬೇರೆ ಬೇರೆ ಎಣಿಸ್ಲಿಕ್ಕೆ ಮೂವರು ಬೇಕು.

ಮನೆ 3: ಲಾರಿ ನಾನು ಎಣಿಸ್ತೇನೆ.

ಮನೆ 14 (ಟೀಚರ್): ಬಸ್ಸು ನನಗಿರಲಿ. ಕಾರಿಗೆ ಮಗಳನ್ನು ಕೂರಿಸ್ತೇನೆ. ರಾತ್ರಿ ಎಲ್ಲರಿಗೂ ನಮ್ಮಲ್ಲಿ ಚಹಾ.

ಮನೆ 9: ಮನೆ 11ರವರೇ, ರಾತ್ರಿ ಒಂದು ಗಂಟೆ ಹೊತ್ತು ನಾಯಿಯನ್ನು ಹಿಂದಿನ ಅಂಗಳದಲ್ಲಿ ಕಟ್ಟಬಹುದಾ? ಬೊಗಳಿದರೆ ಅಷ್ಟು ಹೊತ್ತಿನ ಲೆಕ್ಕ ಬಿಡಬೇಕಾಗ್ತದೆ.

ಮನೆ 11: ಅಣ್ಣನ ಮನೆಗೆ ಕರ್ಕೊಂಡು ಹೋಗಿ ಬಿಡ್ತೇನೆ.